ಅಕ್ಕಡಿ ಸಾಲಿನ ಲೆಕ್ಕ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಈ ಮುಂಗಾರಿಗೆ ಎರಡೆಕರೆ ನಾನೇ ಬಿತ್ತುತ್ತೇನೆ ಅಂದಿದ್ದೀಯ, ಸಂತೋಷ. ಬರೀ ರಾಗಿ ಹಾಕಿದರೆ ಮಿಷನ್ನಿನಲ್ಲಿ ಕೊಯ್ಯೋದು ಸುಲಭ ಅಲ್ವಾ ಅಂತಲೂ ಕೇಳಿದ್ದೀಯ. ಸುಲಭ ಹೌದು. ಆದರೂ ನಮ್ಮ ಕೆಂಪು ಮಣ್ಣಿನ ಖುಷ್ಕಿ ಹೊಲಕ್ಕೆ ಅಕ್ಕಡಿ, ಅಂದರೆ ರಾಗಿಯ ನಡುನಡುವೆ ತೊಗರಿ, ಅವರೆಯಂಥ ಬೆಳೆಯ ಸಾಲು, ಯಾಕೆ ಬೇಕು, ಅದು ಎಲ್ಲೆಲ್ಲಿ ಕೆಡುತ್ತದೆ ಅಂತ ಬರೆದಿದ್ದೇನೆ. ಓದಿ ಆಮೇಲೆ ತೀರ್ಮಾನ ಮಾಡು.

ಮೊದಲು ಅಳತೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಹತ್ತಕ್ಕೆ ಎರಡಾದರೂ ನಡೆಯುತ್ತದೆ. ರಾಗಿ ಸಾಲುಗಳ ನಡುವೆ ಒಂದಡಿ, ತೊಗರಿಯ ಜೋಡಿ ಸಾಲಿಗೆ ಎರಡಡಿ. ಎಕರೆಗೆ ರಾಗಿ 4ರಿಂದ 5 ಕೆ.ಜಿ., ತೊಗರಿ 2 ಕೆ.ಜಿ. ಒಳಗೇ ಸಾಕು. ಅವರೆ ಹಾಕುವುದಾದರೆ ಎಂಟಕ್ಕೆ ಒಂದೇ ಸಾಲು. ನಾಟಿ ಅವರೆ ಹಬ್ಬುವ ಜಾತಿ, ಒತ್ತಾಗಿ ಹಾಕಿದರೆ ರಾಗಿಯನ್ನೇ ತಬ್ಬಿ ಪೈರನ್ನು ಮಲಗಿಸಿಬಿಡುತ್ತದೆ. ಕೂರಿಗೆಯ ಹಿಂದೆ ಸಡ್ಡೆ (ಅಕ್ಕಡಿ ಬೀಜ ಬಿಡುವ ಕೊಳವೆ) ಹಿಡಿದವರ ಕೈ ಬಿಗಿಯಾಗಿರಬೇಕು, ತೊಗರಿ ಬೀಜ ಗೇಣಿಗೊಂದು ಬಿದ್ದರೆ ಸರಿ. ಹುಚ್ಚೆಳ್ಳು, ಸಾಸಿವೆ ಹೊಲದ ಅಂಚಿಗೆ. ಹರಳು ಬದುವಿನ ಪಕ್ಕ, ಅಲ್ಲೊಂದು ಇಲ್ಲೊಂದು.

ಇವೆಲ್ಲ ಒಂದೇ ಹೊಲದಲ್ಲಿ ಜಗಳವಾಡದೆ ಬೆಳೆಯುವುದಕ್ಕೆ ಕಾರಣ, ಅವುಗಳ ಹಸಿವಿನ ಹೊತ್ತು ಬೇರೆ ಬೇರೆ. ಜಿಪಿಯು-28 ತಳಿಯ ರಾಗಿ 110–115 ದಿನಕ್ಕೆ ಕೊಯ್ಲಿಗೆ ಬರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು, ಮೊದಲ ಎರಡು ತಿಂಗಳಂತೂ ಬೆಳೆಯುತ್ತಿದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ. ಆ ಹೊತ್ತಿಗೆ ರಾಗಿ ತನ್ನ ಪಾಲಿನ ಬಿಸಿಲು, ನೀರು ಪಡೆದಾಗಿರುತ್ತದೆ. ರಾಗಿ ಕೊಯ್ದ ಮೇಲೆ ತೊಗರಿ ರೆಕ್ಕೆ ಬಿಚ್ಚುತ್ತದೆ. ಬೇರಿನದೂ ಇದೇ ಕಥೆ: ರಾಗಿಯದು ಮೇಲ್ಮಣ್ಣಿನಲ್ಲೇ ಹರಡುವ ಜೊಂಪೆ ಬೇರು, ತೊಗರಿಯದು ಆಳಕ್ಕಿಳಿಯುವ ತಾಯಿಬೇರು. ಕೆಂಪು ಮಣ್ಣಿನಲ್ಲಿ ರಂಜಕ (ಫಾಸ್ಫರಸ್) ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗಳಿಗೆ ದಕ್ಕದೆ ಕೂತಿರುತ್ತದೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಒಸರಿಸಿ ಕಬ್ಬಿಣವನ್ನು ಹಿಡಿದುಕೊಂಡು ರಂಜಕವನ್ನು ಬಿಡಿಸಿಕೊಳ್ಳುತ್ತದೆ. ನಮ್ಮ ಹಿರಿಯರಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ, ಮಣ್ಣಿಗೆ ತಕ್ಕ ಬೆಳೆ ಗೊತ್ತಿತ್ತು.

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ, ಅದನ್ನು ನೀನು ಬಿಡಬೇಕು. ತೊಗರಿ, ಅವರೆ ಗಾಳಿಯ ಸಾರಜನಕ ಹಿಡಿದು ಪಕ್ಕದ ರಾಗಿಗೆ ಉಣಿಸುತ್ತವೆ ಅನ್ನುತ್ತಾರೆ. ಆ ಹಂಗಾಮಿನಲ್ಲಿ ರಾಗಿಗೆ ಸಿಗುವುದು ಅಲ್ಪ. ಹಿಡಿದದ್ದರಲ್ಲಿ ಹೆಚ್ಚಿನ ಪಾಲು ತೊಗರಿಯ ಕಾಳಿಗೇ ಹೋಗುತ್ತದೆ. ಉದುರಿದ ಎಲೆ, ಮಣ್ಣಲ್ಲೇ ಕೊಳೆತ ಬೇರು ಮುಂದಿನ ವರ್ಷದ ಬೆಳೆಗೆ. ಹಾಗಾಗಿ ರಾಗಿಗೆ ಕೊಟ್ಟಿಗೆ ಗೊಬ್ಬರ ಕೊಡಲೇಬೇಕು. ಯೂರಿಯಾ ಮೇಲುಗೊಬ್ಬರ ಹಾಕುವಾಗ ರಾಗಿ ಸಾಲಿಗೆ ಮಾತ್ರ ಹಾಕು. ಮಣ್ಣಲ್ಲಿ ಸಾರಜನಕ ಸುಲಭಕ್ಕೆ ಸಿಕ್ಕರೆ ತೊಗರಿ ಗಾಳಿಯ ಸಾರಜನಕ ಹಿಡಿಯುವ ಬೇರುಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಗಂಟಿನೊಳಗಿನ ರೈಜೋಬಿಯಂ ಸೂಕ್ಷ್ಮಜೀವಿಗಳಿಗೆ ಗಿಡ ಸಕ್ಕರೆ ಕೊಟ್ಟು ಸಾಕಬೇಕು, ಅದೇನು ಬಿಟ್ಟಿ ವ್ಯವಹಾರವಲ್ಲ.

ಗಂಟು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಬಿತ್ತಿದ 40 ದಿನದ ಹೊತ್ತಿಗೆ ಒಂದು ಗಿಡ ತೆಗೆ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಸನಿಕೆಯಿಂದ ಹೆಂಟೆ ಸಮೇತ ಎತ್ತಿ ನೀರಲ್ಲಿ ಅದ್ದಿ ಬಿಡಿಸು. ಒಂದು ಗಂಟನ್ನು ಉಗುರಿನಲ್ಲಿ ಸೀಳಿ ನೋಡು. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಆ ಬಣ್ಣದ ವಸ್ತು ನಮ್ಮ ರಕ್ತದ ಕೆಂಪಿಗೆ ಹತ್ತಿರದ ನೆಂಟ. ಬಿಳಿಯೋ ಹಸಿರೋ ಇದ್ದರೆ ಆ ಗಂಟು ದಂಡ. ಮುಂದಿನ ಸಲ ಬೀಜಕ್ಕೆ ಎಕರೆಗೆ 200 ಗ್ರಾಂ ರೈಜೋಬಿಯಂ ಪುಡಿಯನ್ನು ಬೆಲ್ಲದ ಅಂಟು ನೀರಿನಲ್ಲಿ ಲೇಪಿಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತು. ಬಿಸಿಲಿಗಿಟ್ಟರೆ ಸತ್ತ ಪುಡಿಯನ್ನು ಬಿತ್ತಿದ ಹಾಗೆ.

ಇನ್ನು ಕಳೆ. ಅಂಗಡಿಯವರು ರಾಗಿಗೆ 2,4-ಡಿ ಕೊಡುತ್ತಾರೆ. ಅದು ಅಗಲ ಎಲೆಯ ಕಳೆ ಕೊಲ್ಲುವ ಔಷಧಿ. ತೊಗರಿ, ಅವರೆ, ಹುಚ್ಚೆಳ್ಳು ಎಲ್ಲವೂ ಅಗಲ ಎಲೆಯವೇ! ಒಂದು ಸಲ ಹೊಡೆದರೆ ಅಕ್ಕಡಿಯೇ ಇರುವುದಿಲ್ಲ. ಊರೂರಲ್ಲಿ ಅಕ್ಕಡಿ ಕಾಣೆಯಾಗಿರುವುದಕ್ಕೆ ಕೂಲಿಯ ಅಭಾವದಷ್ಟೇ ಈ ಬಾಟಲಿಯೂ ಕಾರಣ ಅನ್ನೋದು ನನ್ನ ಅನಿಸಿಕೆ. ಎರಡು ಸಲ ಕುಂಟೆ ಹಾಯಿಸಿ, ಸಾಲಿನೊಳಗಿನದನ್ನು ಕೈಯಲ್ಲಿ ತೆಗೆಸು.

ಅವರೆ ಕುಡಿಯಲ್ಲಿ ರಸ ಹೀರುವ ಕಪ್ಪು ಸಸ್ಯಹೇನು ಕಂಡರೆ ಗಾಬರಿಯಾಗಿ ಔಷಧಿ ತರಬೇಡ, ಮೊದಲು ಬಗ್ಗಿ ನೋಡು. ಇರುವೆಗಳು ಸಾಲುಗಟ್ಟಿ ಹತ್ತಿ ಇಳಿಯುತ್ತಿರುತ್ತವೆ. ಹೇನು ಬಿಡುವ ಸಿಹಿ ಅಂಟು ಅವುಗಳ ಊಟ, ಅದಕ್ಕೇ ಹೇನನ್ನು ಕಾಯುತ್ತವೆ. ಅಲ್ಲೇ ಪುಟ್ಟ ಮೊಸಳೆಯಂಥ, ಬೂದುಗಪ್ಪು ಮೈಯ ಮರಿಹುಳು ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ, ಹೇನನ್ನು ತಿನ್ನುತ್ತಿದೆ. ಪೀಡೆ ಅಂದುಕೊಂಡು ಹೊಸಕಬೇಡ. ಘಾಟು ಔಷಧಿ ಹೊಡೆದರೆ ಎರಡೂ ಸಾಯುತ್ತವೆ. ಆದರೆ ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುವ ಜೀವಿ, ವಾರದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಗುಲಗಂಜಿ ಮೊಟ್ಟೆಯಿಟ್ಟು ಬೆಳೆಯಬೇಕು, ಅದಕ್ಕೆ ಅಷ್ಟು ಬೇಗ ಆಗುವುದಿಲ್ಲ. ತೀರಾ ಜಾಸ್ತಿಯಾದ ಕುಡಿಗಳನ್ನು ಚಿವುಟಿ ಹಾಕು, ಸಾಲದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊಡಿ.

ಹರಳಿನ ಎಲೆ ಜರಡಿಯಾಗಿ ಕಂಡರೆ ಅಡಿಯಲ್ಲಿ ಎಲೆ ತಿನ್ನುವ ಹುಳುವಿನ ಮರಿಗಳ ಗುಂಪು ಇರುತ್ತದೆ. ಎಲೆ ಸಮೇತ ಕಿತ್ತು ಹೂತುಬಿಡು, ಹುಳು ಮೊದಲು ಅಲ್ಲಿಗೇ ಬರಲಿ ಅಂತಲೇ ಹರಳು ಹಾಕಿದ್ದು. ತೊಗರಿಗೆ ಕಾಯಿಕೊರಕ ಬಂದರೆ ಸಾಲಿನ ಕೆಳಗೆ ಟಾರ್ಪಾಲು ಹಾಸಿ ಗಿಡ ಅಲ್ಲಾಡಿಸಿ ಹುಳು ಉದುರಿಸು. ಹುಳು ತಿನ್ನುವ ಕಾಜಾಣ ಹಕ್ಕಿ ಕೂರಲು ಅಲ್ಲಲ್ಲಿ ಕವೆಗೋಲು ನೆಡು.

ಹೊಲದ ಜೊತೆಗಾರರೇ ತಟ್ಟೆಯಲ್ಲೂ ಜೊತೆಗಾರರು, ಗಮನಿಸಿದ್ದೀಯಾ? ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ರಾಗಿಗೆ ಲೈಸಿನ್ ಕಡಿಮೆ, ತೊಗರಿ ಅವರೆಯಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಮುದ್ದೆಗೆ ಅವರೆಕಾಳು ಸಾರು ಹೊಂದುವುದು ಬರೀ ರುಚಿಗಲ್ಲ ಕಣವ್ವಾ.

ಬಿತ್ತನೆ ತೊಗರಿ ಮಡಕೆಯಲ್ಲಿದೆ, ಕೆಮ್ಮಣ್ಣು ಸವರಿ ಒಣಗಿಸಿದ್ದು. ಹಿಂದಿನ ದಿನವೇ ಜಾಲಿಸಿ ತೂತು ಬಿದ್ದ ಕಾಳು ಆರಿಸಿಬಿಡು. ರಾಗಿ ಜೊತೆಗೇ ಬಿತ್ತಬೇಕು, ತಡವಾದರೆ ರಾಗಿಯ ನೆರಳಿನಲ್ಲಿ ತೊಗರಿ ಮೇಲೇಳುವುದಿಲ್ಲ. ಪುನರ್ವಸು ಮಳೆ ಹದವಾಗಿ ಬಿದ್ದ ದಿನವೇ ಫೋನ್ ಮಾಡು, ಕೂರಿಗೆಯವರಿಗೆ ಹೇಳಿಡುತ್ತೇನೆ.

ಇಂತಿ,
ನಿನ್ನ ಅವ್ವ