ಮಗಳಿಗೊಂದು ಪತ್ರ: ಕಲೋನ್‌ನಲ್ಲಿ ಕಂಡ ನಮ್ಮ ಟೆರೇಸು

ಪ್ರೀತಿಯ ಪುಟ್ಟಿ,

ನಿನ್ನೆ ನಿಮ್ಮಣ್ಣ ನಮ್ಮಿಬ್ಬರನ್ನೂ ರೈಲು ಹತ್ತಿಸಿ ಜರ್ಮನಿಯ ಕಲೋನ್‌ಗೆ ಕರೆದುಕೊಂಡು ಹೋಗಿದ್ದ. ಸ್ಟೇಷನ್ನಿನಿಂದ ಹೊರಗೆ ಬಂದದ್ದೇ ತಡ, ಎದುರಿಗೇ ಆ ಚರ್ಚು. ಇಲ್ಲಿಯವರು ಸುಮ್ನೆ 'ಡೋಮ್' ಅಂತಾರೆ, ಅಂದರೆ ದೊಡ್ಡ ಚರ್ಚು. ಕತ್ತೆತ್ತಿ ನೋಡಿದೆ. ಹೊದ್ದಿದ್ದ ಶಾಲು ಜಾರಿ ಬಿತ್ತೇ ಹೊರತು ತುದಿ ಸಿಗಲಿಲ್ಲ.

ನಮ್ಮ ಮೈಸೂರಿನ ಫಿಲೋಮಿನಾ ಚರ್ಚನ್ನು ಇದರ ಮಾದರಿಯಲ್ಲೇ ಕಟ್ಟಿದ್ದು ಅಂತಾರಲ್ವಾ? ಇಲ್ಲೂ ಅದೇ ಜೋಡಿ ಗೋಪುರ. ಆದರೆ ನಮ್ಮದು 175 ಅಡಿ, ಇದು 157 ಮೀಟರ್. ನಮ್ಮಂಥವು ಮೂರನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಬಣ್ಣ ಮಾತ್ರ ಅಜ್ಜಿ ಮನೆಯ ಸೌದೆ ಒಲೆ ಹಿಂದಿನ ಗೋಡೆಯಂತೆ ಕಪ್ಪು.

ಗೋಪುರ ಹತ್ತಲು 533 ಮೆಟ್ಟಿಲು. ಅಪ್ಪ ಮೊಣಕಾಲು ತೋರಿಸಿ ಕೆಳಗೇ ಉಳಿದರು. ನಾನು ಹತ್ತಿದೆ ಕಣೇ! ನಡುನಡುವೆ ಕೂತು, ಹಿಂದಿನವರಿಗೆ ದಾರಿ ಬಿಟ್ಟು, ಅಂತೂ ಹತ್ತಿದೆ. ಮಧ್ಯದಲ್ಲಿ ಗಂಟೆಗಳಿವೆ. ದೊಡ್ಡದು 24 ಟನ್ನು. ಊರಿನವರು ಅದಕ್ಕೆ 'ದಪ್ಪ ಪೀಟರ್' ಅಂತ ಹೆಸರಿಟ್ಟಿದ್ದಾರೆ. ಮೇಲಿನಿಂದ ರೈನ್ ನದಿ ಚೆನ್ನಾಗಿ ಕಂಡಿತು, ಆದರೆ ನನಗೆ ಉಸಿರು ಬಿಡುವುದೇ ದೊಡ್ಡ ಕೆಲಸವಾಗಿತ್ತು.

ಈಗ ಮುಖ್ಯ ವಿಷಯ. ಇದನ್ನು ಕಟ್ಟಲು ಶುರು ಮಾಡಿದ್ದು 1248ರಲ್ಲಿ. ಮುಗಿದದ್ದು 1880ರಲ್ಲಿ! ನಡುವೆ ದುಡ್ಡೂ ಸಾಲದೆ, ಉತ್ಸಾಹವೂ ಇಳಿದು, ಸುಮಾರು 300 ವರ್ಷ ಕೆಲಸ ನಿಂತೇ ಹೋಗಿತ್ತು. ಅರ್ಧಂಬರ್ಧ ಗೋಪುರದ ತಲೆಯ ಮೇಲೆ ಕಲ್ಲೆತ್ತುವ ಮರದ ಕ್ರೇನು ಹಾಗೇ ಉಳಿದಿತ್ತು. ಎಷ್ಟೋ ತಲೆಮಾರಿನವರು ಹುಟ್ಟಿ, ಮದುವೆಯಾಗಿ, ಸತ್ತರೂ ಕಂಡದ್ದು ಆ ಕ್ರೇನನ್ನೇ. ಆಮೇಲೆ 1814ರಲ್ಲಿ ಹಳೆಯ ನಕ್ಷೆಯ ಅರ್ಧ ಭಾಗ ಬೇರೊಂದು ಊರಿನ ಅಟ್ಟದಲ್ಲಿ ಸಿಕ್ಕಿತು. ಅದರ ಮೇಲೆ ಬೀನ್ಸ್ ಒಣಗಿಸುತ್ತಿದ್ದರು ಅಂತ ಒಂದು ಕಥೆಯೂ ಇದೆ. ಇನ್ನರ್ಧ ಪ್ಯಾರಿಸ್‌ನಲ್ಲಿ ಸಿಕ್ಕಿತು. 1842ರಲ್ಲಿ ಮತ್ತೆ ಕೆಲಸ ಹಿಡಿದು, ಆ ಹಳೇ ನಕ್ಷೆ ನೋಡಿಕೊಂಡೇ ಗೋಪುರ ಮುಗಿಸಿದರು.

ಕೆಳಗೆ ಬಂದು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನಮ್ಮ ಟೆರೇಸಿನ ಕಂಬಿಗಳ ಮಾತೂ ತೆಗೆದೆ ಅನ್ನು. 'ಮುಂದಿನ ವರ್ಷ ಮಹಡಿ ಏರಿಸೋಣ' ಅಂತ ಆಕಾಶಕ್ಕೆ ಬಿಟ್ಟ ಆ ತುಕ್ಕು ಕಂಬಿಗಳು! ಅವರು ಒಂದಿಷ್ಟೂ ನಾಚಲಿಲ್ಲ. "ಇವರಿಗೆ 632 ವರ್ಷ ಹಿಡೀತು, ನನಗಿನ್ನೂ ಹನ್ನೊಂದು" ಅಂದರು. ಅಣ್ಣ ನಕ್ಕೂ ನಕ್ಕೂ ಸುಸ್ತಾದ.

ಒಳಗೆ ಶಿಶು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಅಸ್ಥಿ ಇದೆ ಎಂದು ನಂಬುವ ಚಿನ್ನದ ಪೆಟ್ಟಿಗೆ ಇದೆ. ಜನ ಅಲ್ಲೇ ಜಾಸ್ತಿ. ನನಗೆ ಹಿಡಿಸಿದ್ದು ಒಂದು ಕಿಟಕಿ. ದೇವರ ಚಿತ್ರ ಇಲ್ಲ, ಸಂತರಿಲ್ಲ, ಬರೀ ಚೌಕ ಗಾಜು, 72 ಬಣ್ಣ. 2007ರಲ್ಲಿ ಕೂರಿಸಿದ್ದಂತೆ. ಬಿಸಿಲು ಬಿದ್ದಾಗ ಕಲ್ಲಿನ ಕಂಬದ ಮೇಲೆಲ್ಲ ಬಣ್ಣ ಓಕುಳಿಯಾಡಿತು. ನೀನಿರಬೇಕಿತ್ತು ಅನ್ನಿಸಿತು.

ಹೊರಗೆ ಈಗಲೂ ಒಂದು ಮೂಲೆಗೆ ಸಾರುವೆ ಕಟ್ಟಿದ್ದಾರೆ. ಕಲ್ಲುಕುಟಿಗರು ವರ್ಷವಿಡೀ ರಿಪೇರಿ ಮಾಡುತ್ತಲೇ ಇರುತ್ತಾರಂತೆ. ಅಪ್ಪ ಅದರ ಫೋಟೋ ಮಾತ್ರ ನಾಲ್ಕು ತೆಗೆದುಕೊಂಡಿದ್ದಾರೆ. ಬಂದ ಮೇಲೆ ನಿನಗೂ ತೋರಿಸುತ್ತಾರೆ, ತಯಾರಾಗಿರು.

ಪರೀಕ್ಷೆ ಅಂತ ಊಟ ಬಿಡಬೇಡ. ಮೋಡ ಕಂಡರೆ ಟೆರೇಸಿನ ಕಂಬಿಗೆ ಕಟ್ಟಿದ ಹಗ್ಗದಿಂದ ಬಟ್ಟೆ ತೆಗೆದುಬಿಡು.

ನಿನ್ನ ಅಮ್ಮ