ಎರಡನೇ ಎಸ್‌ಎಸ್‌ಡಿ ಹಾಕಿಸುವವರಿಗೆ: ಮೊದಲು ಬಿಚ್ಚಿ ನೋಡೋಣ, ಆಮೇಲೆ ಕೊಳ್ಳಿ

ದಾವಣಗೆರೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

"ಲ್ಯಾಪ್‌ಟಾಪ್ ಕೊಟ್ಟು ಒಂದು ಬೆಣ್ಣೆ ದೋಸೆ ತಿಂದು ಬನ್ನಿ, ಅಷ್ಟರಲ್ಲಿ ರೆಡಿ ಇರುತ್ತೆ." ಎರಡನೇ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಡ್ರೈವ್) ಹಾಕಿಸಲು ಬಂದವರಿಗೆಲ್ಲ ಇಷ್ಟು ದಿನ ನಾವು ಹೇಳುತ್ತಿದ್ದ ಮಾತಿದು. ಬರುವ ಸೋಮವಾರದಿಂದ ಹೇಳುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಒಂದು ರಾತ್ರಿ ನಮ್ಮಲ್ಲೇ ಬಿಡಬೇಕು. ಇನ್ನೊಂದು, ಎಸ್‌ಎಸ್‌ಡಿ ಕೊಳ್ಳುವ ಮೊದಲೇ ಲ್ಯಾಪ್‌ಟಾಪ್ ತರಬೇಕು. ಒಳಗೆ ನೋಡದೆ ನಾವೂ ಮಾರುವುದಿಲ್ಲ.

ಯಾಕೆ ಅಂತ ಹೇಳಬೇಕಲ್ವಾ? ತಪ್ಪು ನಮ್ಮದೇ.

ಜಗಳೂರಿನಿಂದ ಒಬ್ಬರು ಫೋನ್ ಮಾಡಿ, ತಮ್ಮ ಲ್ಯಾಪ್‌ಟಾಪಿಗೆ ಯಾವುದು ತರಿಸಲಿ ಎಂದು ಕೇಳಿದರು. "ಎಂ.2 ಯಾವುದಾದರೂ ನಡೆಯುತ್ತೆ" ಎಂದುಬಿಟ್ಟೆವು. ಎಂ.2 ಅಂದರೆ ಬೋರ್ಡಿನ ಸ್ಲಾಟಿಗೇ ಸೇರಿಸುವ ಚಪ್ಪಟೆ ಪಟ್ಟಿಯಂಥ ಎಸ್‌ಎಸ್‌ಡಿ. ಅವರು ಕಡಿಮೆ ಬೆಲೆಯದು ನೋಡಿ ತರಿಸಿಕೊಂಡು, ಬಸ್ ಹತ್ತಿ ಬಂದರು. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಅಳತೆಯೆಲ್ಲ ಸರಿಯೇ. ಸ್ಲಾಟ್‌ನಲ್ಲಿ ಕೂತಿತು, ಸ್ಕ್ರೂ ಕೂಡ ಹಿಡಿಯಿತು. ಆನ್ ಮಾಡಿದರೆ ಡಿಸ್ಕ್ ಕಾಣಿಸುತ್ತಲೇ ಇಲ್ಲ. ಅವರು ತಂದಿದ್ದು ಸಾಟಾ, ಆ ಸ್ಲಾಟ್ ಬರೀ ಎನ್‌ವಿಎಂಇ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ, ಲ್ಯಾಪ್‌ಟಾಪ್ ಜೊತೆ ಮಾತಾಡುವ ರೀತಿ ಬೇರೆ. ಚಿನ್ನದ ಬಣ್ಣದ ಹಲ್ಲುಗಳ ಸಾಲು ನೋಡಿ: ಸಾಟಾದಲ್ಲಿ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ, ವೇಗದ ಎನ್‌ವಿಎಂಇಯಲ್ಲಿ ಒಂದೇ. ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ನಾವು ಕೇಳಲಿಲ್ಲ, ಅವರು ಎರಡು ಸಲ ಓಡಾಡುವಂತಾಯಿತು.

ಅದಕ್ಕಿಂತ ನಾಚಿಕೆಯದು ಸ್ಕ್ರೂ ಕಥೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಖಾಲಿ ಸ್ಲಾಟಿಗೆ ಸ್ಕ್ರೂ ಕೊಟ್ಟಿರುವುದಿಲ್ಲ. ಬೇಕಾಗುವುದು ಸಾಮಾನ್ಯವಾಗಿ 2 ಮಿ.ಮೀ. ದಪ್ಪದ, 3 ಮಿ.ಮೀ. ಉದ್ದದ ಚಿಕ್ಕದೊಂದು. ಇನ್ನೊಬ್ಬ ಗ್ರಾಹಕರ ಲ್ಯಾಪ್‌ಟಾಪಿಗೆ ಅವತ್ತು ಕೈಗೆ ಸಿಕ್ಕಿದ್ದು ಅದಕ್ಕಿಂತ ಉದ್ದದ್ದು. ತಿರುಗಿಸಿದರೆ ಹಿಡಿಯಿತು, ಮುಚ್ಚಿ ಕೊಟ್ಟೆವು. ಮಾರನೇ ದಿನ ಅವರು ಬಂದು "ಟಚ್‌ಪ್ಯಾಡ್ ಒತ್ತೋಕೇ ಆಗ್ತಿಲ್ಲ" ಅಂದರು. ಬಿಚ್ಚಿದರೆ, ಸ್ಕ್ರೂ ತುದಿ ಆಚೆ ಬದಿಗೆ ಬಂದು ಟಚ್‌ಪ್ಯಾಡನ್ನು ಒಳಗಿಂದ ಎತ್ತಿ ಹಿಡಿದಿತ್ತು. ಪುಣ್ಯಕ್ಕೆ ಬೋರ್ಡಿಗೆ ಏನೂ ಆಗಲಿಲ್ಲ. ಈಗ ಸರಿಯಾದ ಸ್ಕ್ರೂಗಳನ್ನೇ ತರಿಸಿ, ಕುಂಕುಮದ ಡಬ್ಬಿಯೊಂದರಲ್ಲಿ ಬೇರೆಯೇ ಇಟ್ಟಿದ್ದೇವೆ. ಅದರಲ್ಲಿ ಇಲ್ಲದಿದ್ದರೆ ಕೆಲಸ ನಿಲ್ಲಿಸುತ್ತೇವೆ, ಬೇರೆಯದು ತುರುಕುವುದಿಲ್ಲ.

ರಾತ್ರಿ ಇಟ್ಟುಕೊಳ್ಳುವುದು ಬಿಸಿಯ ವಿಷಯಕ್ಕೆ. ಮೊದಲೆಲ್ಲ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಡ್ರೈವ್ ಹೆಸರು ಕಂಡರೆ ಸಾಕು, ಮುಚ್ಚಿಬಿಡುತ್ತಿದ್ದೆವು. ಎನ್‌ವಿಎಂಇ ಡ್ರೈವ್ ತುಂಬಾ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಅದರ ಮೇಲೆ ಗ್ರಾಫಿಕ್ಸ್ ಚಿಪ್ ಕಾವು ಬೇರೆ. ಈಗ ಸುಮಾರು 200 ಜಿಬಿ ಫೈಲ್ ಕಾಪಿ ಹಾಕಿ, ಒಂದು ಗೇಮ್ ಓಡಿಸಿ, ಎಷ್ಟು ಬಿಸಿಯಾಗುತ್ತೆ ಅಂತ ಬರೆದಿಡುತ್ತೇವೆ. ಲ್ಯಾಪ್‌ಟಾಪನ್ನು ಸ್ಲೀಪ್‌ಗೆ ಹಾಕಿ, ಎಬ್ಬಿಸಿ, ಡ್ರೈವ್ ಇದೆಯಾ ಅಂತ ಬೆಳಿಗ್ಗೆ ಮತ್ತೆ ನೋಡುತ್ತೇವೆ. ಡ್ರೈವ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯದೆ ಹಾಕಿದ್ದನ್ನೂ ಎಷ್ಟೋ ಕಡೆ ಕಂಡಿದ್ದೇವೆ. ಆ ಹಾಳೆ ಇದ್ದರೆ ಪ್ಯಾಡ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಬಿಚ್ಚಿ ನೋಡಲು ₹200. ನಮ್ಮಲ್ಲೇ ಹಾಕಿಸಿದರೆ ಅದು ಕೂಲಿಯಲ್ಲಿ ಕಳೆಯುತ್ತದೆ. ಡ್ರೈವ್ ಎಲ್ಲಿ ಬೇಕಾದರೂ ಕೊಳ್ಳಿ, ನಮಗೇನೂ ಬೇಜಾರಿಲ್ಲ. ನಿಮ್ಮ ಸ್ಲಾಟ್ ಯಾವುದು ಅಂತ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಮೂರನೇ ಪೀಳಿಗೆಯ (ಪಿಸಿಐಇ 3.0, ಸ್ವಲ್ಪ ಹಳೆಯ) ಎನ್‌ವಿಎಂಇ ಸ್ಲಾಟ್ ಆದರೆ ಸೆಕೆಂಡಿಗೆ 7000 ಎಂಬಿ ಓದುವ ಡ್ರೈವ್ ಹಾಕಿದರೂ ಬರುವುದು 3500ರ ಹತ್ತಿರವೇ. ಡ್ರೈವ್ ಹಾಳಾಗಲ್ಲ, ಹೆಚ್ಚು ಕೊಟ್ಟ ದುಡ್ಡು ಸುಮ್ನೆ. ಮತ್ತೆ, ಜಾಗ ಜಾಸ್ತಿ ಆದರೆ ಗೇಮ್‌ನ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. 1 ಟಿಬಿ ಹಾಕಿಸಿ 931 ಜಿಬಿ ಕಂಡರೆ ನಮ್ಮ ಮೇಲೆ ಅನುಮಾನ ಪಡಬೇಡಿ. ತಯಾರಿಸಿದವರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ.

ಬರುವಾಗ ಚಾರ್ಜರ್ ತನ್ನಿ. ನಿಮ್ಮ ಹಳೆಯ ಡ್ರೈವ್ ಮುಟ್ಟುವುದಿಲ್ಲ, ಬ್ಯಾಟರಿ ತಂತಿ ಬಿಡಿಸಿದ ಮೇಲೆಯೇ ಒಳಗೆ ಕೈ ಹಾಕುತ್ತೇವೆ. ಆದರೂ ಮುಖ್ಯವಾದ ಫೈಲ್‌ಗಳ ಒಂದು ಪ್ರತಿ ಬೇರೆ ಕಡೆ ಇರಲಿ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) ಹಾಕಿದ್ದರೆ ಅದರ 48 ಅಂಕಿಯ ಕೀ ಬೇಕಾಗಬಹುದು, ಮನೆಯಲ್ಲೇ ಹುಡುಕಿಟ್ಟುಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮೊದಲೇ ಹೇಳಿ.

ಹರಿಹರ, ಚಿತ್ರದುರ್ಗ, ಜಗಳೂರಿನಿಂದ ಬರುವವರು ಕೆಳಗಿನ ಮುಚ್ಚಳದ ಮೇಲಿನ ಚೀಟಿಯ ಫೋಟೋ ಮೊದಲು ಕಳಿಸಿ. ಎರಡನೇ ಸ್ಲಾಟೇ ಇಲ್ಲದ ಮಾಡೆಲ್ ಅಂತ ಗೊತ್ತಾದರೆ ಬಸ್ ಚಾರ್ಜ್ ಉಳಿಯುತ್ತೆ. ಜಗಳೂರಿನ ಆ ಗ್ರಾಹಕರಿಗೆ ಹಾಕುವ ಕೂಲಿ ತೆಗೆದುಕೊಳ್ಳುವುದಿಲ್ಲ. ಫೋನ್ ಮಾಡಿ ಹೇಳಿದ್ದೇವೆ, ಬರುತ್ತೇನೆ ಎಂದಿದ್ದಾರೆ.

ಇಂತಿ,
ನಿಮ್ಮ ರಿಪೇರಿ ಅಂಗಡಿಯವರು