ಬಾಯಿ ಬಿಡು, ಮಗಳೇ

ಪ್ರೀತಿಯ ಪುಟ್ಟಿ,

ಜರ್ಮನಿಯಲ್ಲಿ ನರ್ಸ್ ಆಗಲೆಂದು ಬರೆದ ಜರ್ಮನ್ ಭಾಷಾ ಪರೀಕ್ಷೆಯ ಫಲಿತಾಂಶದ ಬಗ್ಗೆ ನಿನ್ನೆ ರಾತ್ರಿ ನೀನು ಕಳಿಸಿದ ಸಂದೇಶವನ್ನು ಅಪ್ಪನಿಗೆ ಇನ್ನೂ ತೋರಿಸಿಲ್ಲ. "ಮಾತಿನಲ್ಲಿ ಫೇಲ್. ಜರ್ಮನಿಯೂ ಬೇಡ, ಏನೂ ಬೇಡ" ಎಂದು ಬರೆದು ಮೊಬೈಲ್ ಆಫ್ ಮಾಡಿಕೊಂಡಿದ್ದೀಯ. ಆಫ್ ಆದ ಮೊಬೈಲಿಗೆ ಬೈಯಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಪೂರ್ತಿ ಓದು.

ಓದುವುದು, ಕೇಳುವುದು, ಬರೆಯುವುದು ಮೂರರಲ್ಲೂ ಪಾಸಾಗಿದ್ದೀಯ. 100ಕ್ಕೆ 60 ಬಂದರೆ ಸಾಕು ಎನ್ನುವ ಕಡೆ ಕೇಳುವುದರಲ್ಲಿ 80ರ ಮೇಲೆ ತೆಗೆದಿದ್ದೀಯ. ಅದನ್ನು ಸಂದೇಶದ ತುದಿಯಲ್ಲಿ ಕದ್ದುಮುಚ್ಚಿ ಬರೆದಂತೆ ಬರೆದಿದ್ದೀಯ. ನಮ್ಮ ಎರಡೂ ಮನೆತನದಲ್ಲಿ ಜರ್ಮನ್ ಕೇಳಿ ಅರ್ಥಮಾಡಿಕೊಳ್ಳುವವಳು ನೀನೊಬ್ಬಳೇ. ಬೆಳಗ್ಗೆ ಶಾಲೆಗೆ ಹೋಗುವಾಗ ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿಬಿಡೋಣ ಅನ್ನಿಸಿತು.

ತಾಂಡಾ ಶಾಲೆಯ ಆ ಹುಡುಗಿಯ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ನೀನಾಗ ಇನ್ನೂ ಜೋಲಿಯಲ್ಲಿ ಮಲಗುತ್ತಿದ್ದೆ. ಹಡಗಲಿ ತಾಲ್ಲೂಕಿನ ತಾಂಡಾಕ್ಕೆ ನನ್ನನ್ನು ಹಾಕಿದ್ದರು. ಮಕ್ಕಳ ಮನೆಮಾತು ಲಂಬಾಣಿ, ಪುಸ್ತಕ ಕನ್ನಡ, ಟೀಚರಿಗೆ ಲಂಬಾಣಿಯ ಗಂಧಗಾಳಿಯಿಲ್ಲ. ಒಂದನೇ ತರಗತಿಯಲ್ಲಿ ಒಬ್ಬಳಿದ್ದಳು. ಅಪ್ಪ, ಅವ್ವ ದಸರೆ ಮುಗಿಸಿ ಕಬ್ಬು ಕಡಿಯಲು ಹೋದವರು, ಇವಳು ಅಜ್ಜಿಯ ಬಳಿ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಬಾಗಿಲು ಹಾಕು ಎಂದರೆ ಹಾಕುತ್ತಿದ್ದಳು, ಚಾಕ್‌ಪೀಸ್ ತಾ ಎಂದರೆ ತರುತ್ತಿದ್ದಳು, ಸ್ಲೇಟಿನ ಮೇಲೆ ಅಕ್ಷರ ಮುದ್ದಾಗಿ ಬರೆಯುತ್ತಿದ್ದಳು. ತಪಾಸಣೆಗೆ ಬಂದ ಸಾಹೇಬರು "ಈ ಮಗು ಮೂಕಿಯೇ?" ಎಂದು ಕೇಳಿ ಹೋದರು. ಸಂಕ್ರಾಂತಿ ಕಳೆದರೂ ಒಂದು ಸೊಲ್ಲಿಲ್ಲ.

ಅಷ್ಟರಲ್ಲಿ ನಾನು ಮಕ್ಕಳಿಂದ ಲಂಬಾಣಿ ಕಲಿಯತೊಡಗಿದ್ದೆ. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ಅವ್ವನಿಗೆ ಯಾಡಿ. ಒಂದು ದಿನ ಊಟದ ಹೊತ್ತಿಗೆ ಇಡೀ ವಾಕ್ಯವನ್ನೇ ಹೇಳುವ ಧೈರ್ಯ ಮಾಡಿದೆ. ಏನು ಹೇಳಿದೆನೋ ದೇವರೇ ಬಲ್ಲ, ಮಕ್ಕಳು ತಟ್ಟೆ ಬಿಟ್ಟು ನಕ್ಕರು. ಆಗ ಕಂಬದ ಪಕ್ಕದಿಂದ ಒಂದು ದನಿ: "ಹಾಗಲ್ಲ ಟೀಚರ್." ಅವಳೇ! ಅದೂ ಕನ್ನಡದಲ್ಲಿ! ಮರುದಿನ ಬಂದವಳೇ ನನ್ನ ಸೆರಗು ಜಗ್ಗಿ, "ಟೀಚರ್, ಮೇಕೆ ಬಂದಳು, ನನ್ನ ರೊಟ್ಟಿ ತಿಂದಳು" ಎಂದಳು. "ಹೌದಾ! ಮೇಕೆ ಬಂತಾ? ರೊಟ್ಟಿ ತಿಂದುಬಿಟ್ಟಿತಾ? ಆಮೇಲೆ?" ಎಂದೆ. "ಆಮೇಲೆ ಓಡಿತು" ಎಂದಳು. ನೋಡು, ಓಡಿದಳು ಎನ್ನಲಿಲ್ಲ. ತಪ್ಪು ಎಂದು ನಾನು ಹೇಳಲೇ ಇಲ್ಲ. ಸರಿಯಾದದ್ದನ್ನು ಕಿವಿಗೆ ಹಾಕಿ ಕಥೆ ಮುಂದುವರಿಯಲು ಬಿಟ್ಟೆ.

ನಿನ್ನೆ ರಾತ್ರಿಯೆಲ್ಲ ಅವಳದೇ ನೆನಪು. ಅಷ್ಟು ತಿಂಗಳು ಅವಳೊಳಗೆ ಕನ್ನಡ ಸುಮ್ಮನೆ ತುಂಬಿಕೊಳ್ಳುತ್ತಿತ್ತು. ಹೊರಗೆ ಬರಲು ಟೀಚರ್ ಎಲ್ಲರೆದುರು ನಗೆಪಾಟಲಾಗಬೇಕಾಯಿತು. ಅವಳು ಬಾಯಿ ಬಿಡುವ ಹಿಂದಿನ ದಿನ ಸಾಹೇಬರು ಮತ್ತೆ ಬಂದಿದ್ದರೆ ಮೂಕಿ ಎಂದೇ ಬರೆದುಕೊಂಡು ಹೋಗುತ್ತಿದ್ದರೇನೋ. ಇದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಿನ್ನೊಳಗೂ ಜರ್ಮನ್ ತುಂಬಿದೆ, 80 ಅಂಕ ಸುಮ್ಮನೆ ಬರುವುದಿಲ್ಲ. ಆದರೆ ಬಾಯಿ ಬಿಡುವ ಮೊದಲು ನೀನು ಮನಸ್ಸಿನಲ್ಲೇ ವ್ಯಾಕರಣದ ಪರೀಕ್ಷೆ ಬರೆಯುತ್ತೀಯ. ಪದದ ಲಿಂಗಕ್ಕೆ ತಕ್ಕಂತೆ ಮುಂದೆ ಹಾಕುವ ಡೇರ್, ಡೀ, ಡಾಸ್‌ಗಳಲ್ಲಿ ಯಾವುದು? ನಾಲ್ಕರಲ್ಲಿ ಯಾವ ವಿಭಕ್ತಿ? ಕ್ರಿಯಾಪದ ನಡುವಿಗೋ ಕೊನೆಗೋ? ಇದೆಲ್ಲ ಇತ್ಯರ್ಥವಾಗುವಷ್ಟರಲ್ಲಿ ಎದುರಿನವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಹುಡುಗಿಯನ್ನೇ ನಪುಂಸಕಲಿಂಗಕ್ಕೆ ಸೇರಿಸಿದ ಭಾಷೆ ಅದು ಎಂದು ನೀನೇ ನಕ್ಕಿದ್ದೆಯಲ್ಲ? ಅಂಥ ಕಡೆ ಒಂದು ಲಿಂಗ ತಪ್ಪಿದರೆ ಯಾರ ಗಂಟು ಹೋಗುತ್ತದೆ?

ಇನ್ನು ಮುಂದಿನದು ಟೀಚರ್ ಮಾತು, ಸಹಿಸಿಕೊ. ಕೆನಡಾದಲ್ಲಿ 1965ರಿಂದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠವನ್ನೇ ಫ್ರೆಂಚಿನಲ್ಲಿ ಹೇಳಿಕೊಡತೊಡಗಿದರು. ವರ್ಷಗಳ ನಂತರ ನೋಡಿದರೆ, ಕೇಳಿ, ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಮಕ್ಕಳು ಫ್ರೆಂಚ್ ಮನೆಮಾತಿನ ಮಕ್ಕಳ ಸಮೀಪಕ್ಕೇ ಬಂದಿದ್ದರು, ಮಾತು ಮತ್ತು ಬರವಣಿಗೆ ಮಾತ್ರ ಹಿಂದೆಯೇ ಉಳಿದಿತ್ತು. ಕಿವಿಗೆ ಬಿದ್ದದ್ದು ಕಡಿಮೆಯಾಗಿಲ್ಲ, ತಾವೇ ಆಡಲೇಬೇಕಾದ ಸಂದರ್ಭ ಕಡಿಮೆಯಾಯಿತು ಎಂದು ಮೆರಿಲ್ ಸ್ವೇನ್ ಎಂಬ ವಿದುಷಿ 1985ರಲ್ಲಿ ವಾದಿಸಿದರು. ನಿನ್ನ ಅಂಕಪಟ್ಟಿಯನ್ನು ನೋಡಿಯೇ ಹೇಳಿದಂತಿದೆ. ಹಾಗೆಯೇ, ಹಿಂದಿನ ರಾತ್ರಿ ಪದಗಳ ಪಟ್ಟಿ ಉರುಹೊಡೆಯುವುದನ್ನು ಬಿಡು. ಜರ್ಮನಿಯವನೇ ಆದ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ, 1885ರಲ್ಲಿ ಅಚ್ಚಾದ ಪುಸ್ತಕದಲ್ಲಿ, ಕಂಠಪಾಠ ಮಾಡಿದ್ದರ ದೊಡ್ಡ ಪಾಲು ಮೊದಲ ದಿನದೊಳಗೇ ಮರೆತುಹೋಗುತ್ತದೆ, ಹಲವು ದಿನಗಳಿಗೆ ಹಂಚಿ ನೆನೆದದ್ದು ಹೆಚ್ಚು ನಿಲ್ಲುತ್ತದೆ ಎಂದು ತೋರಿಸಿದ್ದಾನೆ. ದಿನವೂ ಪಾಳಿ ಮುಗಿಸಿ ಬಂದ ಮೇಲೆ, ಮುಂದಿನ ಪಾಳಿಯ ನರ್ಸಿಗೆ ರೋಗಿಗಳನ್ನು ಒಪ್ಪಿಸಿದೆಯಲ್ಲ, ಅದನ್ನೇ ಜರ್ಮನ್‌ನಲ್ಲಿ ಗಟ್ಟಿಯಾಗಿ ಇನ್ನೊಮ್ಮೆ ಒಪ್ಪಿಸು. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳು. ಕೋಣೆಯ ಗೆಳತಿ ನಕ್ಕರೆ ನಗಲಿ.

ನನಗೆ ಹೆದರಿಕೆ ಇಲ್ಲವೆಂದಲ್ಲ. 53 ಎನ್ನಲು ಅವರು ಮೂರನ್ನು ಮೊದಲು ಹೇಳಿ ಐವತ್ತನ್ನು ಆಮೇಲೆ ಹೇಳುತ್ತಾರೆ ಎಂದು ನೀನು ಹೇಳಿದ ದಿನದಿಂದ, ಯಾವುದೋ ಮುದುಕಿಯ ಔಷಧಿಯ ಪ್ರಮಾಣ 35 ಆಗಿಬಿಟ್ಟರೆ ಎಂದು ಚಿಂತೆ. ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಎಂದು ಕೇಳಲು ಸಂಕೋಚಪಡುವ ನರ್ಸ್ ಆಗಬೇಡ. ಅಂಕೆಗಳನ್ನು ಬರೆದು ತೋರಿಸಿಯೇ ಖಚಿತಪಡಿಸಿಕೊ. ಅಲ್ಲಿಯ ಚಳಿಗೆ ಹೆದರಿದ್ದಕ್ಕಿಂತ ಇದಕ್ಕೇ ನಾನು ಹೆಚ್ಚು ಹೆದರಿದ್ದೇನೆ.

ಅಪ್ಪನಿಗೆ ವಿಷಯ ತಿಳಿದರೆ ಕಿಟ್ಟೆಲ್ ಹೆಸರು ಎತ್ತುತ್ತಾರೆ, ಜರ್ಮನಿಯಿಂದ ಬಂದವರು ಕನ್ನಡ ಕಲಿಯಲಿಲ್ಲವೇ ಎಂದು. ತಲೆ ಕೆಡಿಸಿಕೊಳ್ಳಬೇಡ. ಕಿಟ್ಟೆಲ್ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಿನಗೆ ಅಷ್ಟು ಪುರುಸೊತ್ತಿಲ್ಲ.

ಪಾಠ ಜಾಸ್ತಿಯಾಯಿತು, ಸಿಟ್ಟಾಗಬೇಡ. ಸಮಾಧಾನ ಹೇಳಬೇಕೆಂದೇ ಕುಳಿತಿದ್ದೆ. ನಿಜವಾಗಿಯೂ ಜರ್ಮನಿಗೆ ಹೋಗಲು ಮನಸ್ಸಿಲ್ಲದಿದ್ದರೆ ಹಾಗೆಂದು ಹೇಳು, ಅಪ್ಪನನ್ನು ನಾನು ಒಪ್ಪಿಸುತ್ತೇನೆ. ನನಗೆ ಮಾತು ಬರುವುದಿಲ್ಲ ಎಂಬ ಕಾರಣ ಮಾತ್ರ ಕೊಡಬೇಡ, ಅದನ್ನು ನಾನು ಒಪ್ಪುವುದಿಲ್ಲ. ಮಾತಿನ ಭಾಗ ಒಂದನ್ನೇ ಮತ್ತೆ ಕಟ್ಟಬಹುದು ಎಂದಿದ್ದೆಯಲ್ಲ, ಶುಲ್ಕವನ್ನು ನಿನ್ನ ಖಾತೆಗೆ ಹಾಕಿದ್ದೇನೆ. ಭಾನುವಾರ ಫೋನ್ ಮಾಡಿ ಆ ದಿನದ ವಾರ್ಡನ್ನು ಜರ್ಮನ್‌ನಲ್ಲಿ ನನಗೆ ಒಪ್ಪಿಸು. ಒಂದಕ್ಷರವೂ ಅರ್ಥವಾಗದ ನನ್ನೆದುರು ತಪ್ಪಾಡಲು ಏನು ಕಷ್ಟ?

ನಿನ್ನ ಅವ್ವ